ಮಾರಾಟಕ್ಕಿರುವ ಕ್ಯಾಟಮರಾನ್: ಬೆಲೆ ಕೇಳುವ ಮೊದಲು ತೂಕ ಕೇಳಿ

ಹೇಳಿ ಮಾಡಿಸಿದ, ವೇಗವಾಗಿ ಓಡುವ, ದೂರದ ಯಾನಕ್ಕೆ ತಯಾರಾದ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ, ಮಾರಾಟಕ್ಕಿದೆ ಎಂಬ ಜಾಹೀರಾತು ನೋಡಿ. ಫೋಟೊ ಧಾರಾಳ ಇರುತ್ತವೆ. ಸಾಮಾನಿನ ಪಟ್ಟಿ ಎರಡು ಪುಟ ಇರುತ್ತದೆ: ಜನರೇಟರ್, ಏಸಿ, ಉಪ್ಪುನೀರು ಸಿಹಿ ಮಾಡುವ ಯಂತ್ರ, ವಾಷಿಂಗ್ ಮಷಿನ್. ಸಾಮಾನ್ಯವಾಗಿ ಇರದೇ ಹೋಗುವುದು ಒಂದೇ ಅಂಕಿ. ಇವತ್ತು, ಇಷ್ಟೆಲ್ಲ ಸಾಮಾನು ಹೊತ್ತುಕೊಂಡು ನೀರಲ್ಲಿ ನಿಂತಾಗ, ಆ ದೋಣಿ ಎಷ್ಟು ಟನ್ ತೂಗುತ್ತದೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಲಾರಿ ಮೊದಲು ಖಾಲಿ ಕಾಟಾ ಆಗುತ್ತದೆ, ಆಮೇಲೆ ಲೋಡ್ ಕಾಟಾ. ಆರ್‌ಸಿ ಬುಕ್ಕಿನಲ್ಲಿ ಬರೆದ ತೂಕ ನಂಬಿ ಯಾರೂ ದುಡ್ಡು ಎಣಿಸುವುದಿಲ್ಲ. ಕೋಟಿಗಟ್ಟಲೆ ಬೆಲೆಯ ದೋಣಿಯನ್ನು ಮಾತ್ರ ಎಷ್ಟೋ ಜನ ಡಿಸೈನರ್ ಹತ್ತು ವರ್ಷದ ಹಿಂದೆ ನಕಾಶೆಯಲ್ಲಿ ಬರೆದ ತೂಕ ನಂಬಿ ಕೊಂಡುಬಿಡುತ್ತಾರೆ. ನಮ್ಮ ಜಿಲ್ಲೆಗಳಿಂದ ಹಡಗಿನ ನೌಕರಿಗೋ, ಗೋವಾ ಕಡೆ ಫೈಬರ್ ಕೆಲಸಕ್ಕೋ, ಹೊರದೇಶಕ್ಕೋ ಹೋಗಿ, ಇಂಥದ್ದೊಂದು ದೋಣಿ ತಗೊಳ್ಳಬೇಕು ಅನ್ನುವವರಿಗೆ ಮತ್ತು ತಗೊಳ್ಳುವವರ ಪರವಾಗಿ ಹೋಗಿ ನೋಡಬೇಕಾದವರಿಗೆ ಈ ಬರಹ.

ಹೆಸರಿನಿಂದಲೇ ಶುರು ಮಾಡೋಣ. ಕ್ಯಾಟಮರಾನ್ ಅನ್ನುವುದು ತಮಿಳಿನ ಕಟ್ಟುಮರಂ. ಕನ್ನಡದ ಕಿವಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ: ಕಟ್ಟಿದ ಮರ. ಕೋರಮಂಡಲ ತೀರದ ಮೀನುಗಾರರು ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದು ಮಾಡಿದ ತೆಪ್ಪದ ಹೆಸರು ಅದು. ಇಂಗ್ಲಿಷಿನವರು ಆ ಹೆಸರನ್ನು ಒಯ್ದು ಎರಡು ಒಡಲಿನ ದೋಣಿಗೆ ಅಂಟಿಸಿದರು. ಎರಡು ಒಡಲಿನ ದೋಣಿಯ ಮೂಲ ಪೆಸಿಫಿಕ್ ದ್ವೀಪಗಳದ್ದು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಕಟ್ಟಿದ ‘ಅಮರಿಲಿಸ್’ ನ್ಯೂಯಾರ್ಕಿನ ಸ್ಪರ್ಧೆಯಲ್ಲಿ ಒಂಟಿ ಒಡಲಿನ ದೋಣಿಗಳನ್ನು ಹಿಂದೆ ಹಾಕಿತು. ಅದರ ಬಲ ಇದ್ದದ್ದು ಎರಡೇ ಸಂಗತಿಯಲ್ಲಿ: ಒಡಲು ತೆಳ್ಳಗೆ, ಮೈ ಹಗುರ. ಇವತ್ತಿಗೂ ಅದೇ.

ನಮ್ಮ ತುಂಗಭದ್ರೆಯ ಹರಿಗೋಲು ಇದಕ್ಕೆ ಪೂರ್ತಿ ಉಲ್ಟಾ. ಆನೆಗೊಂದಿ ಹತ್ತಿರ 500 ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇವನ್ನು ನೋಡಿದ್ದ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರಬಹುದು, ನೆಟ್ಟಗೆ ಹೋಗದೆ ತಿರುಗುತ್ತಲೇ ಹೋಗುತ್ತವೆ. ಹರಿಗೋಲಿನ ಉದ್ದ ಅಗಲ ಒಂದೇ, ಅಂದರೆ 1ಕ್ಕೆ 1. ಅದಕ್ಕೇ ಬಂಡೆ ನಡುವೆ ಗೇಣು ನೀರಿದ್ದರೂ ತೇಲುತ್ತದೆ, ಭಾರ ಹೇರಿದರೆ ತುಸು ತಗ್ಗುತ್ತದೆ, ಅಷ್ಟೆ. ವೇಗದ ಕ್ಯಾಟಮರಾನ್‌ನ ಒಂದೊಂದು ಒಡಲೂ ನೀರಿನ ಮಟ್ಟದಲ್ಲಿ ಅಗಲದ 10ರಿಂದ 12 ಪಟ್ಟು ಉದ್ದ ಇರುತ್ತದೆ. ಬಾಡಿಗೆಗೆ ಓಡಿಸುವ ದಪ್ಪ ಕ್ಯಾಟಮರಾನ್‌ಗಳಲ್ಲಿ ಈ ಲೆಕ್ಕ 7, 8ಕ್ಕೆ ಇಳಿಯುತ್ತದೆ. ಒಡಲು ತೆಳ್ಳಗಾದಷ್ಟೂ ಅಲೆ ಎಬ್ಬಿಸುವುದು ಕಡಿಮೆ. ಸಾಮಾನ್ಯ ಒಂಟಿ ಒಡಲಿನ ದೋಣಿಗೆ ನೀರಿನ ಮಟ್ಟದ ಉದ್ದ 44 ಅಡಿ ಇದ್ದರೆ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದಾಗ ಬರುವ 8.9 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಹತ್ತಿರ ಒಂದು ಗೋಡೆ ಎದುರಾಗುತ್ತದೆ, ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ತೆಳ್ಳನೆ ಒಡಲಿಗೆ ಆ ಗೋಡೆ ಇಲ್ಲ. ಸರಾಸರಿ 10 ನಾಟ್ ಹಿಡಿದರೆ ದಿನಕ್ಕೆ 240 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 444 ಕಿ.ಮೀ., ಒಂದು ಹನಿ ಡೀಸೆಲ್ ಸುಡದೆ.

ಆದರೆ ತೆಳ್ಳನೆ ಒಡಲು ಭಾರ ತಡೆಯುವುದಿಲ್ಲ. ಅದನ್ನು ಅಂಕಿಯಲ್ಲಿ ನೋಡೋಣ. 45 ಅಡಿಯ ಒಂದು ದೋಣಿ ಅಂದುಕೊಳ್ಳಿ. ನೀರಿನ ಮಟ್ಟದ ಉದ್ದ 13.4 ಮೀಟರ್, ಅಲ್ಲಿ ಒಂದೊಂದು ಒಡಲಿನ ಅಗಲ 1.2 ಮೀಟರ್. ತುದಿಗಳು ಚೂಪಾಗಿರುವುದರಿಂದ ಆಯತದ 70 ಪ್ರತಿಶತ ಹಿಡಿದರೆ ಎರಡೂ ಒಡಲು ಸೇರಿ ಸುಮಾರು 22.5 ಚದರ ಮೀಟರ್. ಸಮುದ್ರದ ನೀರಲ್ಲಿ ಇಂಥ ದೋಣಿ ಒಂದು ಸೆಂಟಿಮೀಟರ್ ಮುಳುಗಲು 230 ಕೆ.ಜಿ. ಸಾಕು. ಎರಡು ಕ್ವಿಂಟಲ್ ಚಿಲ್ಲರೆ. ನಕಾಶೆಯಲ್ಲಿ ಖಾಲಿ ತೂಕ 7.5 ಟನ್ ಅಂತ ಬರೆದಿದೆ ಅನ್ನೋಣ. ಈಗ ಹೇರಿ: ನೀರು 400 ಲೀಟರ್ ಅಂದರೆ 400 ಕೆ.ಜಿ., ಡೀಸೆಲ್ 400 ಲೀಟರ್ ಅಂದರೆ 340 ಕೆ.ಜಿ., ನಾಲ್ಕು ಜನ ಅವರ ಚೀಲ ಸಮೇತ 400, ಅಡುಗೆ ಸಾಮಾನು ಮತ್ತು ರೇಷನ್ 300, ಪಾನಾ ಸ್ಕ್ರೂಡ್ರೈವರ್‌ನಿಂದ ಹಿಡಿದು ಬಿಡಿಭಾಗಗಳವರೆಗೆ 250, 10 ಮಿ.ಮೀ. ಚೈನು 80 ಮೀಟರ್ ಮತ್ತು ಲಂಗರು ಸೇರಿ 220, ಚಿಕ್ಕ ದೋಣಿ ಅದರ ಮೋಟರಿನ ಜೊತೆ 120, ಜನರೇಟರ್ 150, ಏಸಿ 120. ಕೂಡಿಸಿದರೆ 2,300 ಕೆ.ಜಿ. ದೋಣಿ 10 ಸೆಂ.ಮೀ. ಕೆಳಗೆ ಹೋಯಿತು, 9.8 ಟನ್ ಆಯಿತು. ಇದರಲ್ಲಿ ಐಷಾರಾಮ ಅನ್ನುವಂಥದ್ದು ಜನರೇಟರ್ ಮತ್ತು ಏಸಿ ಎರಡೇ. ಉಳಿದದ್ದೆಲ್ಲ ಬೇಕೇ ಬೇಕು.

ಈ ವ್ಯತ್ಯಾಸ ವೇಗಕ್ಕೆ ಏನು ಮಾಡುತ್ತದೆ ಅನ್ನಲು ಬ್ರೂಸ್ ಸಂಖ್ಯೆ ಎಂಬ ಸರಳ ಅಳತೆ ಇದೆ. ಹಾಯಿಯ ವಿಸ್ತೀರ್ಣವನ್ನು ಚದರಡಿಯಲ್ಲಿ ಬರೆದು ವರ್ಗಮೂಲ ತೆಗೆಯಿರಿ. ತೂಕವನ್ನು ಪೌಂಡಿನಲ್ಲಿ ಬರೆದು ಘನಮೂಲ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮುಖ್ಯ ಹಾಯಿ, ಮುಂದಿನ ಹಾಯಿ ಎರಡೂ ಸೇರಿ 1,200 ಚದರಡಿ ಇದ್ದರೆ, 7.5 ಟನ್ನಿಗೆ ಉತ್ತರ 1.36. ಅದೇ ಹಾಯಿ, 9.8 ಟನ್ನಿಗೆ 1.24. 1.3ರ ಮೇಲಿದ್ದರೆ ನಿಜಕ್ಕೂ ವೇಗದ ದೋಣಿ, 1ರ ಹತ್ತಿರ ಇದ್ದರೆ ಮೆಲ್ಲಗೆ ಸಾಗುವ ಮನೆ. ಜಾಹೀರಾತಿನ ಅಂಕಿ ಹೆಚ್ಚಾಗಿ ಖಾಲಿ ತೂಕದ್ದು. ನೀವು ಓಡಿಸುವುದು ಹೇರಿದ ದೋಣಿಯನ್ನು. ಆದ್ದರಿಂದ ಎರಡನೇ ಅಂಕಿಯನ್ನು ನೀವೇ ಲೆಕ್ಕ ಹಾಕಿ.

ವೇಗ ಹೋದರೆ ಹೋಯಿತು, ನಿಧಾನ ಹೋಗೋಣ ಅನ್ನುವವರಿಗೆ ಇನ್ನೊಂದು ಮಾತು. ಒಂಟಿ ಒಡಲಿನ ದೋಣಿ ಗಾಳಿ ಹೆಚ್ಚಾದಾಗ ವಾಲಿ ಗಾಳಿಯನ್ನು ಚೆಲ್ಲುತ್ತದೆ. ಕ್ಯಾಟಮರಾನ್ ವಾಲುವುದಿಲ್ಲ. ಗಾಳಿಯ ನೂಕು ಪೂರ್ತಿಯಾಗಿ ಹಾಯಿಕಂಬ, ಅದನ್ನು ಎಳೆದು ಹಿಡಿದ ತಂತಿ, ತೊಲೆಗಳ ಮೇಲೆ ಬೀಳುತ್ತದೆ. ಎರಡು ಒಡಲಿನ ನಡು ಗೆರೆಗಳ ಅಂತರ 6 ಮೀಟರ್ ಇದ್ದರೆ, ಗಾಳಿ ಬದಿಯ ಒಡಲು ನೀರು ಬಿಟ್ಟು ಏಳುವ ಕ್ಷಣದಲ್ಲಿ ದೋಣಿ ತಡೆಯುವ ಬಲ ಅಂದರೆ ತೂಕ ಗುಣಿಸು 3 ಮೀಟರ್. 7.5 ಟನ್ನಿಗೆ 22.5 ಟನ್-ಮೀಟರ್, 9.8 ಟನ್ನಿಗೆ 29.4. ಅಂದರೆ ಭಾರ ಹೇರಿದ ದೋಣಿಯ ಕಂಬ, ತಂತಿಗಳು 30 ಪ್ರತಿಶತ ಹೆಚ್ಚು ಎಳೆತ ತಾಳಬೇಕು. ಗಾಳಿ ಬದಿಯ ಒಂದು ತಂತಿಯ ಮೇಲೆ ಹತ್ತಿರ ಹತ್ತಿರ 10 ಟನ್. ಹಿಂದಿನ ಮಾಲೀಕ ಒಂದೊಂದೇ ಸಾಮಾನು ಸೇರಿಸುತ್ತ ಹೋದಾಗ ತಂತಿಯ ದಪ್ಪವನ್ನೂ ಹೆಚ್ಚಿಸಿದನೇ ಅಂತ ಕೇಳಿ. ಡಿಸೈನರ್ ತಂತಿಯ ಲೆಕ್ಕ ಹಾಕಿದ್ದು ಯಾವ ತೂಕಕ್ಕೆ, ಖಾಲಿಗೋ ಗರಿಷ್ಠಕ್ಕೋ, ಅದನ್ನೂ ಬರವಣಿಗೆಯಲ್ಲಿ ಕೇಳಿ.

ಇದೇ ಕಾರಣಕ್ಕೆ ಇಂಥ ದೋಣಿಯಲ್ಲಿ ಹಾಯಿ ಮಡಚುವುದು ದೋಣಿ ವಾಲಿದ್ದು ನೋಡಿ ಅಲ್ಲ, ಗಾಳಿಯ ಅಂಕಿ ನೋಡಿ. ಅದೂ ಸರಾಸರಿ ಗಾಳಿಗಲ್ಲ, ನಡುನಡುವೆ ಎದ್ದು ಬರುವ ಬಿರುಸಿನ ಹೊಡೆತಕ್ಕೆ. ಎಷ್ಟು ನಾಟ್‌ಗೆ ಮೊದಲ ಮಡಿಕೆ, ಎಷ್ಟಕ್ಕೆ ಎರಡನೆಯದು, ಎಷ್ಟಕ್ಕೆ ಮೂರನೆಯದು ಅನ್ನುವ ಪಟ್ಟಿ ಆ ದೋಣಿಗೇ ಪ್ರತ್ಯೇಕವಾಗಿ ಇರಬೇಕು. ಕಾರ್ಖಾನೆಯಲ್ಲಿ ಸಾಲಾಗಿ ಬರುವ ದೋಣಿಯ ಕೈಪಿಡಿಯಲ್ಲಿ ಅದು ಅಚ್ಚಾಗಿರುತ್ತದೆ. ಹೇಳಿ ಮಾಡಿಸಿದ ದೋಣಿಯಲ್ಲಿ ಎಷ್ಟೋ ಸಲ ಮಾಲೀಕನ ತಲೆಯಲ್ಲಿ ಮಾತ್ರ ಇರುತ್ತದೆ. ಕೊಳ್ಳುವ ಮೊದಲು ಬರೆಸಿಕೊಳ್ಳಿ.

ಮುಳುಗಿದ 10 ಸೆಂ.ಮೀ. ಇನ್ನೊಂದು ಕಡೆಯೂ ಹೊಡೆಯುತ್ತದೆ. ಎರಡು ಒಡಲನ್ನು ಸೇರಿಸುವ ಅಟ್ಟದ ತಳ ನೀರಿನಿಂದ ಎಷ್ಟು ಎತ್ತರ ಇದೆ ಅನ್ನುವುದು ಬಹಳ ಮುಖ್ಯ. ಒಟ್ಟು ಉದ್ದದ 6 ಪ್ರತಿಶತ ಒಳ್ಳೆಯ ಅಳತೆ. 45 ಅಡಿಗೆ ಸುಮಾರು 82 ಸೆಂ.ಮೀ. ಅದು 72ಕ್ಕೆ ಇಳಿದರೆ ಎದುರುಗಾಳಿಯಲ್ಲಿ ಅಲೆ ಬಂದು ತಳಕ್ಕೆ ಬಡಿಯುತ್ತದೆ. ಬಡಿತ ಅಂದರೆ ಬರೀ ಸದ್ದಲ್ಲ. ಕಪಾಟಿನ ಅಂಟು ಬಿಡುತ್ತದೆ, ತಳದ ಪದರ ತಿರುಳಿನಿಂದ ಬೇರ್ಪಡುತ್ತದೆ, ಜನ ನಿದ್ದೆ ಕಳೆದುಕೊಳ್ಳುತ್ತಾರೆ. ನೋಡಲು ಹೋದಾಗ ಚಿಕ್ಕ ದೋಣಿಯಲ್ಲಿ ಅಟ್ಟದ ಕೆಳಗೆ ಹೋಗಿ ಟೇಪು ಹಿಡಿದು ಅಳೆಯಿರಿ. ಮೇಲೆ ಬಣ್ಣದಲ್ಲಿ ಸಣ್ಣ ಸಣ್ಣ ಸೀಳು ಅಡ್ಡಡ್ಡ ಕಂಡರೆ ಆ ಜಾಗವನ್ನು ಗುರುತು ಹಾಕಿಕೊಳ್ಳಿ, ಅಲ್ಲಿ ತಟ್ಟಿ ನೋಡಬೇಕು.

ತಟ್ಟುವ ವಿಷಯಕ್ಕೆ ಬರುವ ಮೊದಲು ಈ ದೋಣಿ ಯಾವುದರಿಂದ ಆಗಿದೆ ಅಂತ ಗೊತ್ತಿರಬೇಕು. ಯಲಬುರ್ಗಾ, ಕುಕನೂರು ಕಡೆ ಹೊಲದಲ್ಲಿ ನಿಂತ ಗಾಳಿಯಂತ್ರದ ರೆಕ್ಕೆ ನೋಡಿದ್ದೀರಲ್ಲ, ಅದೇ ಜಾತಿ. ನಡುವೆ ಹಗುರವಾದ ತಿರುಳು, ಎರಡೂ ಕಡೆ ಗಾಜಿನ ಅಥವಾ ಕಾರ್ಬನ್ ನಾರಿನ ಪದರ, ಇವನ್ನು ಬಿಗಿಯಾಗಿ ಹಿಡಿಯುವ ರಾಳ. ಇದಕ್ಕೇ ಸ್ಯಾಂಡ್‌ವಿಚ್ ಅನ್ನುತ್ತಾರೆ. ತಿರುಳು ಪಿವಿಸಿ ಫೋಮ್ ಆಗಿರಬಹುದು, ಬಾಲ್ಸಾ ಮರ ಆಗಿರಬಹುದು, ಸೀಡರ್ ಪಟ್ಟಿ ಆಗಿರಬಹುದು. ಒಡಲಿಗೆ ಬಳಸುವ ಫೋಮ್ ಘನಮೀಟರಿಗೆ 80 ಕೆ.ಜಿ. ಆಸುಪಾಸು, ಬಾಲ್ಸಾ 150 ಆಸುಪಾಸು. ರಾಳದಲ್ಲಿ ಎಪಾಕ್ಸಿ ಎಲ್ಲಕ್ಕಿಂತ ಗಟ್ಟಿ ಹಿಡಿತದ್ದು, ನಂತರ ವಿನೈಲ್‌ಎಸ್ಟರ್, ಆಮೇಲೆ ಪಾಲಿಎಸ್ಟರ್. ರಾಳ ಎಷ್ಟು ಹೆಚ್ಚು ಕುಡಿದಿದೆಯೋ ಅಷ್ಟು ಭಾರ. ಅದಕ್ಕೇ ನಿರ್ವಾತದಲ್ಲಿ ರಾಳ ಎಳೆಸುವ ಇನ್‌ಫ್ಯೂಷನ್ ಪದ್ಧತಿ ಬಂತು. ಕೈಯಲ್ಲಿ ಬ್ರಷ್ ಹಿಡಿದು ಹಚ್ಚಿದರೆ ರಾಳ ಹೆಚ್ಚಾಗುವುದು ಸಹಜ.

ಇಲ್ಲಿಯೇ ‘ಹೇಳಿ ಮಾಡಿಸಿದ’ ಅನ್ನುವ ಪದದ ಒಳಗನ್ನು ಬಿಡಿಸಿ ನೋಡಬೇಕು. ಒಳ್ಳೆಯ ಡಿಸೈನರ್ ಹೆಸರು ಇದ್ದರೆ ಸಾಲದು. ಶಿಯೋನಿಂಗ್, ಕರ್ಟ್ ಹ್ಯೂಸ್ ಇಂಥವರ ನಕಾಶೆ ಕೊಂಡು ಯಾರು ಬೇಕಾದರೂ ಕಟ್ಟಿಸಬಹುದು. ಕಟ್ಟಿದವನು ಯಾರು, ಎಷ್ಟನೇ ದೋಣಿ ಅದು, ಎಲ್ಲಿ ಕಟ್ಟಿದ, ಯಾವ ಋತುವಿನಲ್ಲಿ? ರಾಳದ ಕೆಲಸಕ್ಕೆ ಹವೆ ಮುಖ್ಯ. ಉಷ್ಣತೆ 10 ಡಿಗ್ರಿ ಏರಿದರೆ ರಾಳ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಫೈಬರ್ ಕೆಲಸ ಮಾಡಿದವರಿಗೆ ಇದು ಕೈಯಾರೆ ಗೊತ್ತು: ಡಬ್ಬಿಯಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ. ತಂಪಿನಲ್ಲಿ, ತೇವದಲ್ಲಿ ಮಾಡಿದರೆ ಬೇರೆ ತೊಂದರೆ, ಎಪಾಕ್ಸಿಯ ಮೇಲೆ ಮೇಣದಂಥ ಪದರ ಬರುತ್ತದೆ. ಅದನ್ನು ನೀರಲ್ಲಿ ತೊಳೆದು ಉಜ್ಜದೆ ಮುಂದಿನ ಪದರ ಹಾಕಿದರೆ ಆ ಎರಡು ಪದರ ಎಂದಿಗೂ ಒಂದಾಗುವುದಿಲ್ಲ. ಎಪಾಕ್ಸಿ ಪೂರ್ತಿ ಬಲ ಪಡೆಯಲು 50, 60 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಬೇಕು. ಕಾಯಿಸದೇ ಬಿಟ್ಟ ಒಡಲಿಗೆ ಕಡು ನೀಲಿಯೋ ಕಪ್ಪೋ ಬಳಿದು ಬಿಸಿಲಿಗೆ ನಿಲ್ಲಿಸಿದರೆ ಮೇಲ್ಮೈ 70 ಡಿಗ್ರಿ ಮುಟ್ಟಿ ರಾಳ ಮೆತ್ತಗಾಗುತ್ತದೆ, ನೇಯ್ಗೆಯ ಗುರುತು ಹೊರಗೆ ಮೂಡುತ್ತದೆ. ಬಿಳಿ ದೋಣಿಗಳು ಹೆಚ್ಚಿರುವುದಕ್ಕೆ ಕಾರಣ ಚಂದ ಒಂದೇ ಅಲ್ಲ.

ಕೇಳಬೇಕಾದ ಕಾಗದ: ನಕಾಶೆಗಳ ಪೂರ್ತಿ ಸೆಟ್, ಎಲ್ಲೆಲ್ಲಿ ಎಷ್ಟು ಪದರ ಯಾವ ದಿಕ್ಕಿಗೆ ಅನ್ನುವ ಪಟ್ಟಿ, ಕಟ್ಟುವಾಗಿನ ಫೋಟೊಗಳು, ರಾಳ ಮತ್ತು ನಾರಿನ ಖರೀದಿ ಬಿಲ್ಲು. ಕಟ್ಟುವಾಗ ತೆಗೆದ ಫೋಟೊ ನೂರಾರು ಇದ್ದರೆ ಅದು ಒಳ್ಳೆಯ ಲಕ್ಷಣ. ಒಂದೂ ಇಲ್ಲದಿದ್ದರೆ ನನ್ನ ಮಟ್ಟಿಗೆ ಅಲ್ಲಿಗೇ ಬೆಲೆ ಇಳಿಯಬೇಕು, ಯಾಕೆಂದರೆ ಮುಂದೆ ರಿಪೇರಿ ಮಾಡುವವನು ಕುರುಡಾಗಿ ಕತ್ತರಿಸಬೇಕಾಗುತ್ತದೆ.

ಈಗ ತಟ್ಟುವುದು. ಸಂತೆಯಲ್ಲಿ ಗಡಿಗೆ ತಟ್ಟಿ ನೋಡುವ ಹಾಗೆಯೇ. ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆ ಸಾಕು. ಗಟ್ಟಿ ಜಾಗ ಚುರುಕಾಗಿ ಟಕ್ ಅನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ದಬ್ ಅನ್ನುತ್ತದೆ. ಗೇಣುಗೇಣಿಗೆ ತಟ್ಟುತ್ತ ಹೋಗಿ, ಸದ್ದು ಬದಲಾದಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿ. ಮೊದಲು ನೋಡಬೇಕಾದದ್ದು ತೂತು ಇರುವ ಜಾಗಗಳನ್ನು: ನೀರಿನ ಕೆಳಗಿನ ವಾಲ್ವು, ಡೆಕ್ಕಿನ ಮೇಲೆ ಬೋಲ್ಟ್ ಹಾಕಿದ ಕಂಬ, ಕಿಟಕಿ ಅಂಚು, ಹಗ್ಗದ ಕ್ಲಚ್‌ಗಳ ತಳ. ಸರಿಯಾದ ಪದ್ಧತಿಯಲ್ಲಿ ಬೋಲ್ಟಿನ ಸುತ್ತ ತಿರುಳನ್ನು ಕೆರೆದು ತೆಗೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ತೂತು ಕೊರೆಯಬೇಕು. ನೇರವಾಗಿ ತಿರುಳಿಗೇ ಕೊರೆದು ಸೀಲಂಟ್ ಹಚ್ಚಿ ಬಿಗಿದಿದ್ದರೆ, ಸೀಲಂಟ್ ಸತ್ತ ದಿನದಿಂದ ನೀರು ಒಳಗೆ. ಬಾಲ್ಸಾ ಆದರೆ ಕೊಳೆಯುತ್ತದೆ. ಫೋಮ್ ಕೊಳೆಯದು, ಆದರೆ ಪದರ ಬಿಡಬಹುದು, ನೀರಿನ ಭಾರವನ್ನಂತೂ ಹೊರುತ್ತದೆ. ದೋಣಿ ಹುಟ್ಟಿದಾಗ ಕೊರೆದ ತೂತುಗಳು ಸರಿ ಇದ್ದು, ಆಮೇಲೆ ಸೋಲಾರ್, ಆಂಟೆನಾ, ಕ್ಯಾಮೆರಾ ಅಂತ ಕೊರೆದವು ಕೆಟ್ಟಿರುವುದೇ ಹೆಚ್ಚು.

ಭತ್ತಕ್ಕೆ ತೇವಾಂಶ ಮೀಟರ್ ಹಿಡಿಯುತ್ತಾರಲ್ಲ, 17 ದಾಟಿದರೆ ಖರೀದಿ ಕೇಂದ್ರದಲ್ಲಿ ತಗೊಳ್ಳುವುದಿಲ್ಲ. ದೋಣಿಗೂ ತೇವಾಂಶ ಮೀಟರ್ ಇದೆ, ದೋಣಿ ಪರೀಕ್ಷಿಸುವ ಸರ್ವೇಯರ್ ತರುತ್ತಾನೆ. ಆದರೆ ಎರಡು ಎಚ್ಚರಿಕೆ. ದೋಣಿಯನ್ನು ನೀರಿನಿಂದ ಎತ್ತಿದ ತಕ್ಷಣದ ಅಂಕಿಗೆ ಬೆಲೆ ಇಲ್ಲ, ತೊಳೆದು ಒಂದೆರಡು ದಿನವಾದರೂ ಒಣಗಬೇಕು. ಮತ್ತೆ ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತು. ಕಾರ್ಬನ್ ಪದರದ ಮೇಲೆ ಹಿಡಿದರೆ ಮೀಟರ್ ಎಲ್ಲ ಕಡೆ ಒದ್ದೆ ಅನ್ನುತ್ತದೆ. ತಾಮ್ರ ಬೆರೆತ ತಳದ ಬಣ್ಣವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಕಾರ್ಬನ್ ದೋಣಿಗೆ ತಟ್ಟುವುದು, ಇನ್‌ಫ್ರಾರೆಡ್ ಕ್ಯಾಮೆರಾ, ಅಲ್ಟ್ರಾಸೌಂಡ್ ಇವೇ ಗತಿ. ಸರ್ವೇಯರ್‌ನನ್ನು ಗೊತ್ತು ಮಾಡುವ ಮೊದಲು ‘ಕಾರ್ಬನ್ ಸ್ಯಾಂಡ್‌ವಿಚ್ ದೋಣಿಗಳನ್ನು ಎಷ್ಟು ನೋಡಿದ್ದೀರಿ’ ಅಂತ ಕೇಳಿ. ಕಾರ್ಬನ್ ಇದ್ದಲ್ಲಿ ಅಲ್ಯುಮಿನಿಯಂ ತಾಗಿದೆಯೇ ಅಂತಲೂ ನೋಡಿ. ಉಪ್ಪುನೀರು ಸೇರಿದರೆ ಎರಡೂ ಬ್ಯಾಟರಿಯಂತೆ ವರ್ತಿಸಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ನಡುವೆ ಗಾಜಿನ ಪದರವೋ ತಡೆಯುವ ಪೇಸ್ಟೋ ಇರಲೇಬೇಕು.

ವೇಗದ ಕ್ಯಾಟಮರಾನ್‌ಗೆ ಅಡ್ಡ ಜಾರದಂತೆ ತಡೆಯಲು ಡ್ಯಾಗರ್‌ಬೋರ್ಡ್ ಎಂಬ ಎತ್ತಿ ಇಳಿಸುವ ಹಲಗೆಗಳಿರುತ್ತವೆ. ಗಾಳಿಗೆ ಎದುರಾಗಿ ಏರಲು ಇವುಗಳಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಒಂದು ಎಚ್ಚರ: ಕಲ್ಲಿಗೆ ಬಡಿದಾಗ ಹಲಗೆ ಮುರಿಯಬೇಕು, ಅದು ಕೂತ ಪೆಟ್ಟಿಗೆ ಮುರಿಯಬಾರದು. ಪೆಟ್ಟಿಗೆ ಒಡೆದರೆ ನೀರು ಒಡಲೊಳಗೆ. ಹಲಗೆಯನ್ನು ಪೂರ್ತಿ ಹೊರಗೆ ಎಳೆಸಿ, ನೆಲದ ಮೇಲೆ ಮಲಗಿಸಿ ನೋಡಿ. ಕೆಳತುದಿ ಜಜ್ಜಿದೆಯೇ, ಪೆಟ್ಟಿಗೆಯ ಕೆಳಬಾಯಿಯ ಹಿಂದಂಚಿನಲ್ಲಿ ಸೀಳಿದೆಯೇ, ಒಳಗಿನ ಬೇರಿಂಗ್ ಪಟ್ಟಿ ಸವೆದು ಹಲಗೆ ಗಡಗಡ ಆಡುತ್ತದೆಯೇ. ರಾತ್ರಿ ಲಂಗರು ಹಾಕಿದಾಗ ಈ ಗಡಗಡ ನಿದ್ದೆ ಕೊಡುವುದಿಲ್ಲ. ಹಾಗೇ ಬಿಟ್ಟರೆ ಪೆಟ್ಟಿಗೆಯನ್ನೇ ತಿನ್ನುತ್ತದೆ. ಚುಕ್ಕಾಣಿಯ ಬೇರಿಂಗ್‌ಗೂ ಇದೇ ಪರೀಕ್ಷೆ: ಕೆಳತುದಿ ಹಿಡಿದು ಅಡ್ಡ ಅಲ್ಲಾಡಿಸಿ, ಕಣ್ಣಿಗೆ ಕಾಣುವಷ್ಟು ಆಡಿದರೆ ಬದಲಿಸಬೇಕು.

ತಂತಿಗಳ ವಿಷಯ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. 33 ಗೇಟುಗಳಲ್ಲಿ ಒಂದರ ಚೈನು, ಅದೂ ಹೊರಗಿನಿಂದ ನೋಡಿದರೆ ನಿಂತೇ ಇದ್ದದ್ದು. ಹಾಯಿಕಂಬದ ತಂತಿಯೂ ಹಾಗೆಯೇ ಹೋಗುತ್ತದೆ. 19 ಎಳೆಯ ಸ್ಟೇನ್‌ಲೆಸ್ ತಂತಿ ಹೊರಗೆ ಹೊಳೆಯುತ್ತಿರುತ್ತದೆ, ತುದಿಯಲ್ಲಿ ಒತ್ತಿ ಕೂರಿಸಿದ ಕೊಳವೆಯ ಒಳಗೆ ಉಪ್ಪುನೀರು ನಿಂತು ಎಳೆ ಎಳೆಯಾಗಿ ಸೀಳುತ್ತದೆ. ಭೂತಗನ್ನಡಿ ಹಿಡಿದು ಕೆಳತುದಿಯ ಕೊಳವೆ ನೋಡಿ: ತುಕ್ಕಿನ ಗೆರೆ, ಕೂದಲೆಳೆಯ ಸೀಳು, ಒಂದು ಮುರಿದ ಎಳೆ, ಇವುಗಳಲ್ಲಿ ಯಾವುದೊಂದು ಕಂಡರೂ ಪೂರ್ತಿ ಸೆಟ್ ಬದಲು. ಏನೂ ಕಾಣದಿದ್ದರೂ 10 ವರ್ಷ ದಾಟಿದ ತಂತಿಗೆ ವಿಮೆಯವರು ತಕರಾರು ತೆಗೆಯುವುದು ಸಾಮಾನ್ಯ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತಂತಿಯ ಬದಲು ಡೈನೀಮಾ ಎಂಬ ಕೃತಕ ನಾರಿನ ಹಗ್ಗ ಹಾಕಿದ್ದರೆ ಅದರ ಶತ್ರು ಬಿಸಿಲು. ಹಾಕಿದ ದಿನಾಂಕದ ಬಿಲ್ಲು ಕೇಳಿ.

ಬಹಳಷ್ಟು ಕ್ಯಾಟಮರಾನ್‌ಗಳಲ್ಲಿ ಕಂಬಕ್ಕೆ ಹಿಂದಿನ ತಂತಿ ಇರುವುದಿಲ್ಲ, ಮೂರೇ ತಂತಿಯ ಮೇಲೆ ನಿಲ್ಲುತ್ತದೆ. ಮುಂದಿನದು ಎರಡು ಒಡಲಿನ ಮೂತಿಗಳ ನಡುವಿನ ಅಲ್ಯುಮಿನಿಯಂ ಅಡ್ಡತೊಲೆಗೆ ಕಟ್ಟಿರುತ್ತದೆ. ಆ ತೊಲೆ ಬಾಗದಂತೆ ಮೇಲೆ ತ್ರಿಕೋನದ ಆಸರೆ ಇರುತ್ತದೆ. ತೊಲೆಯ ಎರಡು ತುದಿ ಒಡಲಿಗೆ ಸೇರುವಲ್ಲಿ ಸ್ಟೇನ್‌ಲೆಸ್ ಪಿನ್ನಿನ ಸುತ್ತ ಬಿಳಿ ಪುಡಿ, ತ್ರಿಕೋನದ ಬೆಸುಗೆಯಲ್ಲಿ ಸೀಳು, ಇವೆರಡನ್ನು ಬಿಡದೆ ನೋಡಿ. ಇದು ಮುರಿದರೆ ಕಂಬ ಹಿಂದಕ್ಕೆ ಬೀಳುತ್ತದೆ, ಅಲ್ಲಿ ಜನ ಕೂತಿರುತ್ತಾರೆ. ಎರಡು ಒಡಲಿನ ನಡುವೆ ಮುಂದೆ ಕಟ್ಟಿದ ಬಲೆಗೂ ಬಿಸಿಲಿನ ಆಯುಸ್ಸು. ಕಟ್ಟಿದ ದಾರವನ್ನು ಉಗುರಲ್ಲಿ ಕೆರೆದಾಗ ಪುಡಿ ಉದುರಿದರೆ ಅದರ ಮೇಲೆ ಕಾಲಿಡಬೇಡಿ.

ಎಂಜಿನ್ನಿನ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಬಿಡುತ್ತೇನೆ. ಸೈಲ್‌ಡ್ರೈವ್, ಅಂದರೆ ಎಂಜಿನ್ನಿನಿಂದ ತಳದ ಮೂಲಕ ನೇರ ಕೆಳಗಿಳಿಯುವ ಗೇರಿನ ಕಾಲು, ಇದ್ದರೆ ತಳದ ದೊಡ್ಡ ತೂತನ್ನು ಮುಚ್ಚಿರುವುದು ಒಂದು ರಬ್ಬರ್ ಪೊರೆ. 7 ವರ್ಷಕ್ಕೊಮ್ಮೆ ಬದಲಿಸಿ ಅನ್ನುವ ತಯಾರಕರಿದ್ದಾರೆ. ದಿನಾಂಕ ಕೇಳಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲಿನಿಂದ ನೀರು ಒಳಗೆ ಬಂದಿದೆ. ಬ್ಯಾಟರಿಯಲ್ಲಿ ಮಾತ್ರ ಹೊಸತು ಹಗುರ: ಲಿಥಿಯಂ ಹಾಕಿದ ದೋಣಿ ಸೀಸದ ಬ್ಯಾಟರಿಯ ದೋಣಿಗಿಂತ 150ರಿಂದ 200 ಕೆ.ಜಿ. ಉಳಿಸಿರಬಹುದು. ಸಾಮಾನಿನ ಪಟ್ಟಿಯಲ್ಲಿ ತೂಕ ಇಳಿಸುವ ಹೆಸರು ಇದೊಂದೇ ಅನ್ನಬೇಕು.

ನೀರಿಗಿಳಿದು ಓಡಿಸಿ ನೋಡುವ ದಿನ ಗಾಳಿ 12ರಿಂದ 15 ನಾಟ್ ಇರಲಿ, ಸಣ್ಣ ಅಲೆಯೂ ಇರಲಿ. ಕೊಳದಂಥ ದಿನ ಹೋದರೆ ಏನೂ ತಿಳಿಯದು. ಎರಡೂ ಎಂಜಿನ್ನನ್ನು ಪೂರ್ತಿ ಥ್ರಾಟಲ್‌ನಲ್ಲಿ 10 ನಿಮಿಷ ಓಡಿಸಿ. ತಯಾರಕರು ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ನೀರಿನೊಳಗಿನ ಫ್ಯಾನು (ಪ್ರೊಪೆಲ್ಲರ್) ಪಾಚಿ ಹಿಡಿದಿದೆ, ಇಲ್ಲವೇ ದೋಣಿ ಭಾರವಾಗಿದೆ. ಹಾಯಿ ಎತ್ತಿದ ಮೇಲೆ ಒಬ್ಬರು ಒಳಗೆ ಹೋಗಿ ಎಲ್ಲ ಬಾಗಿಲು ತೆರೆದು ಮುಚ್ಚಲಿ. ದಡದಲ್ಲಿ ಸಲೀಸಾಗಿ ಮುಚ್ಚಿದ ಬಾಗಿಲು ಅಲೆಯಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡರೆ ಎರಡು ಒಡಲು ಒಂದಕ್ಕೊಂದು ತಿರುಚುತ್ತಿವೆ. ಗಾಳಿಯ ಮರೆ ಬದಿಯ ತಂತಿ ಜೋತು ಬಿದ್ದು ಓಲಾಡಿದರೂ ಅದೇ ಸಂಶಯ. ಅಡ್ಡಗೋಡೆಯ ಅಂಟು ಬಿಟ್ಟಿರಬಹುದು, ಅದು ಸಣ್ಣ ರಿಪೇರಿ ಅಲ್ಲ.

ಕಾಗದಪತ್ರದಲ್ಲಿ ಹೇಳಿ ಮಾಡಿಸಿದ ದೋಣಿಗೆ ಒಂದು ವಿಶೇಷ ತೊಡಕಿದೆ. ಯುರೋಪಿನ ನಿಯಮದಲ್ಲಿ ಸ್ವಂತ ಬಳಕೆಗೆ ಹೆಚ್ಚಿನಂಶ ತಾವೇ ಕಟ್ಟಿಕೊಂಡ ದೋಣಿಗೆ ಸಿಇ ಗುರುತು (ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅನ್ನುವ ಮುದ್ರೆ) ಬೇಡ, ಆದರೆ ಬಳಕೆಗೆ ಬಂದ 5 ವರ್ಷದೊಳಗೆ ಮಾರುವಂತಿಲ್ಲ. ಮಾರಬೇಕಾದರೆ ಕಟ್ಟಿದ ನಂತರದ ಪರೀಕ್ಷೆ ಮಾಡಿಸಬೇಕು. ಸಿಇ ಇಲ್ಲದ ದೋಣಿ ಕೊಂಡರೆ ಮುಂದೆ ನೀವು ಮಾರುವಾಗ ಅದೇ ಪ್ರಶ್ನೆ ನಿಮ್ಮ ಮುಂದೆ. ವ್ಯಾಟ್ ಕಟ್ಟಿದ್ದಕ್ಕೆ ಮೂಲ ರಸೀದಿ, ಕಟ್ಟಿದವನ ಪ್ರಮಾಣಪತ್ರ, ಹಿಂದಿನ ಎಲ್ಲ ಮಾರಾಟದ ಪತ್ರ, ಸಾಲವಿಲ್ಲ ಅನ್ನುವುದಕ್ಕೆ ನೋಂದಣಿ ಕಚೇರಿಯ ನಕಲು, ಹಳೆಯ ನೋಂದಣಿ ರದ್ದಾದ ಪತ್ರ, ಇಷ್ಟು ಸರಪಳಿ ಕಡಿಯದೆ ಇರಬೇಕು. ಭಾರತಕ್ಕೆ ತರುವ ಯೋಚನೆ ಇದ್ದರೆ ಕಸ್ಟಮ್ಸ್ ಏಜೆಂಟರಿಂದ ಸುಂಕದ ಲೆಕ್ಕವನ್ನು ಬರವಣಿಗೆಯಲ್ಲಿ ಪಡೆದೇ ಮುಂಗಡ ಕೊಡಿ. ಟಿಬಿ ಡ್ಯಾಮಿನ ಹಿನ್ನೀರಿಗೆ ತಂದು ಬಿಡಬಹುದಲ್ಲ ಅನ್ನುವವರಿಗೆ: ಇದರ ಒಟ್ಟು ಅಗಲ 7.5 ಮೀಟರ್, ನಮ್ಮ ಎರಡು ಪಥದ ಹೆದ್ದಾರಿಯ ಡಾಂಬರು 7 ಮೀಟರ್. ಸಮುದ್ರದ ದೋಣಿ ಸಮುದ್ರದಲ್ಲೇ ಇರಬೇಕು.

ಕೊನೆಗೆ ಕಾಟಾ. ಸರ್ವೆಗಾಗಿ ಹೇಗೂ ದೋಣಿಯನ್ನು ನೀರಿನಿಂದ ಎತ್ತಿಸಲೇಬೇಕು, ಅದರ ಖರ್ಚು ಕೊಳ್ಳುವವರದು. ಎತ್ತುವ ಕ್ರೇನಿನಲ್ಲಿ ತೂಕ ತೋರಿಸುವ ಲೋಡ್ ಸೆಲ್ ಇರುವ ಅಂಗಳವನ್ನೇ ಆರಿಸಿ. ಎತ್ತುವ ಮೊದಲು ನೀರು, ಡೀಸೆಲ್ ಟ್ಯಾಂಕುಗಳ ಮಟ್ಟ ಬರೆದುಕೊಳ್ಳಿ. ನಿಂತ ನೀರಲ್ಲಿ ನಾಲ್ಕು ಮೂಲೆಗಳಲ್ಲಿ ಡೆಕ್ಕಿನ ಅಂಚಿನಿಂದ ನೀರಿನವರೆಗೆ ಅಳೆದು ಫೋಟೊ ತೆಗೆಯಿರಿ. ನಕಾಶೆಯ ಅಳತೆಗಿಂತ ಎಷ್ಟು ಸೆಂಟಿಮೀಟರ್ ಕಡಿಮೆಯೋ ಅದನ್ನು 230ರಿಂದ ಗುಣಿಸಿದರೆ ಹೆಚ್ಚುವರಿ ಕೆ.ಜಿ. ಸಿಗುತ್ತದೆ, ಆ 230ರ ಬದಲು ನಿಮ್ಮ ದೋಣಿಯ ನಿಜವಾದ ಅಂಕಿಯನ್ನು ಡಿಸೈನರ್‌ನಿಂದ ಪಡೆಯಿರಿ. ಮುಂದಿನ ಮೂಲೆಗಳು ಹಿಂದಿನವಕ್ಕಿಂತ ಹೆಚ್ಚು ಮುಳುಗಿದ್ದರೆ ಅದು ಕೆಟ್ಟದ್ದು, ಹಿಂಗಾಳಿಯಲ್ಲಿ ಮೂತಿ ಅಲೆಯೊಳಗೆ ಹೊಕ್ಕುತ್ತದೆ. ಲಂಗರಿನ ಚೈನನ್ನು ಹಾಯಿಕಂಬದ ಬುಡಕ್ಕೆ ಸರಿಸಿದ ದೋಣಿಗಳು ಈ ಕಾರಣಕ್ಕೇ ಇವೆ. ಎತ್ತಿದಾಗ ದೋಣಿಯನ್ನು ಹೊತ್ತ ಮುಂದಿನ ಬೆಲ್ಟು, ಹಿಂದಿನ ಬೆಲ್ಟು ಎರಡರ ಅಂಕಿಯನ್ನೂ ಬೇರೆ ಬೇರೆ ಬರೆದು, ಬೆಲ್ಟುಗಳ ತೂಕ ಕಳೆಯಿರಿ. ಎರಡು ಲೆಕ್ಕಗಳು ಹತ್ತಿರ ಬಂದರೆ ತೂಕ ಸಿಕ್ಕಿತು. ಮುಂಗಡದ ಕರಾರಿನಲ್ಲಿ ಒಂದು ಸಾಲು ಮೊದಲೇ ಸೇರಿಸಿರಬೇಕು: ಮಾರುವವರು ಹೇಳಿದ ತೂಕಕ್ಕಿಂತ 500 ಕೆ.ಜಿ. ಮೀರಿದರೆ ಬೆಲೆ ಮತ್ತೆ ಮಾತಾಡಬೇಕು, ಇಲ್ಲವೇ ಮುಂಗಡ ವಾಪಸು. ಈ ಸಾಲಿಗೆ ಒಪ್ಪದ ಮಾಲೀಕನಿಗೆ ತನ್ನ ದೋಣಿಯ ತೂಕ ಗೊತ್ತಿದೆ. ತೂಕದ ಚೀಟಿಯ ಮೇಲೆ ದಿನಾಂಕ, ಟ್ಯಾಂಕಿನ ಮಟ್ಟ ಬರೆದು ಸರ್ವೇಯರ್ ಸಹಿ ಹಾಕಿಸಿ ಜೇಬಿಗೆ ಇಟ್ಟುಕೊಳ್ಳಿ, ಬೆಲೆಯ ಮಾತು ಆಮೇಲೆ.